ಕೊಂಬಿಲ್ಲದ ಹೋರಿ

"ಈ ಹಟ್ಟಿ ಹಬ್ಬಕ್ಕ ನನ್ನ ಅಂಗಳದಾಗ ಕೊಂಬಿಲ್ಲದ ಹೋರಿ ನಿಂದರತೈತಿ! ನಿಂದರಲಿಲ್ಲಂದ್ರ ನನ್ನ ಹೆಸರು ಉಡಚಪ್ಪ ಅಲ್ಲ!"

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ನಟ್ಟನಡುವೆ, ಕಾಯಿ ತುಂಬಿದ ಚೀಲದ ಮೇಲೆ ಒಂದು ಕಾಲಿಟ್ಟು, ಮೋಟೆಬೆನ್ನೂರಿನ ದಲಾಲಿ ಉಡಚಪ್ಪ ಹೀಗೆ ಘೋಷಿಸಿದ. ಘೋಷಣೆಗೆ ಉತ್ತರವಾಗಿ ಇಬ್ಬರು ಸೀನಿದರು. ಅದನ್ನು ಅಪಶಕುನ ಎಂದು ಯಾರೂ ಹಿಡಿಯಲಿಲ್ಲ. ಆ ಪೇಟೆಯಲ್ಲಿ ಸೀನಿಗೆಲ್ಲ ಶಕುನ ನೋಡುತ್ತ ಕುಳಿತರೆ ವರ್ಷಕ್ಕೊಂದು ಚೀಲವೂ ಮಾರಾಟವಾಗುವುದಿಲ್ಲ!

ಕೊಂಬಿಲ್ಲದ ಹೋರಿ ಎಂದರೆ ಗಾಡಿ. ಅಂತಿಂಥ ಗಾಡಿಯಲ್ಲ. ನಾಲ್ಕೂ ಗಾಲಿ ಒಟ್ಟಿಗೆ ಎಳೆಯುವ, ಏಣಿ ಇಟ್ಟು ಹತ್ತಬೇಕಾದ, ಮಾಡಿನಲ್ಲೂ ಒಂದು ಕಿಟಕಿ ಇರುವ ವಿಲಾಯ್ತಿ ಗಾಡಿ. ಮೊದಲು ಮುಂಬೈಯ ಸೇಠನೊಬ್ಬ ಮೆರೆದು, ಆಮೇಲೆ ಹುಬ್ಬಳ್ಳಿಯವನೊಬ್ಬ ಮೆರೆದು, ಈಗ ರಾಣೆಬೆನ್ನೂರಿನ ಮಾಲತೇಶನ ಮನೆ ಮುಂದೆ ನಿಂತಿತ್ತು. ಮಾಲತೇಶ ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಮಣ್ಣು ಹೊಡೆಯುವ ಗುತ್ತಿಗೆದಾರ. ಇಬ್ಬರು ಮೆರೆದುಬಿಟ್ಟ ಮೇಲೆ ಉಳಿದ ಮೆರವಣಿಗೆ ಎಷ್ಟಿದ್ದೀತು ಎಂದು ಕೇಳುವವರು ಕೇಳಲಿ. ಉಡಚಪ್ಪ ಕೇಳುವವನಲ್ಲ!

ಅವನಿಗೆ ಗಾಡಿಯ ಹುಚ್ಚು ಹತ್ತಿದ್ದಕ್ಕೆ ಕಾರಣ ಅವನ ಹೋರಿ. ಹಾವೇರಿ ಸೀಮೆಯಲ್ಲಿ ದೀಪಾವಳಿಯ ಹಟ್ಟಿ ಹಬ್ಬ ಬಂತೆಂದರೆ ಹೋರಿ ಓಡಿಸುವ ಸಂಭ್ರಮ. ಹೋರಿಯ ಕೊರಳಿಗೆ ಒಣಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿ ಜನ ತುಂಬಿದ ಅಖಾಡಕ್ಕೆ ಬಿಡುತ್ತಾರೆ. ಹಿಡಿಯುವ ಪೈಲ್ವಾನರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿಯಗೊಡದೆ ಆಚೆ ದಾಟಿದ್ದು ಗೆದ್ದ ಹೋರಿ. ಕಿತ್ತದ್ದು ಕಿತ್ತವನಿಗೆ, ವಾಪಸು ಕೊಡು ಎಂದು ಕೇಳಿದರೆ ಊರೇ ನಗುತ್ತದೆ. ಇದು ಅಜ್ಜ ಮುತ್ತಜ್ಜರ ಕಾಯಿದೆ. ಉಡಚಪ್ಪನ ಹೋರಿಯ ಹೆಸರು ಸಿಡಿಲು. ಅದರ ಕೊರಳಿನ ಕೊಬ್ಬರಿಯ ಒಂದು ಚೂರನ್ನೂ ಈ ತನಕ ಯಾವ ಪೈಲ್ವಾನನೂ ಮುಟ್ಟಿರಲಿಲ್ಲ.

"ಎಲ್ಲಾ ನನ್ನ ತಾಲೀಮು! ನನ್ನ ಸಿಳ್ಳಿ ಕೇಳಿದ್ರ ಸಾಕು, ಸಿಡಿಲು ಸಿಡಿಲಾಗತೈತಿ!" ಎಂದು ಉಡಚಪ್ಪ ಎದೆ ತಟ್ಟಿಕೊಳ್ಳುತ್ತಿದ್ದ. ಅವನ ಹೆಂಡತಿ ಗುತ್ತೆವ್ವ ಮಾತ್ರ ಪ್ರತಿ ಹಬ್ಬಕ್ಕೂ ಅಖಾಡದ ಆಚೆ ತುದಿಗೆ ಹೋಗಿ ಹುಣಸೆಮರದ ಕೆಳಗೆ ನಿಲ್ಲುತ್ತಿದ್ದಳು. "ಹೆಣ್ಮಗಳು, ನೆರಳು ಹುಡುಕ್ಯಾಳ" ಎಂದುಕೊಳ್ಳುತ್ತಿದ್ದ ಉಡಚಪ್ಪ.

ಸಿಡಿಲಿನ ಕೀರ್ತಿ ಬೆಳೆಯಿತು. ಬೆಳೆದದ್ದೇ ತಪ್ಪಾಯಿತು! ಉಡಚಪ್ಪ ಎಲ್ಲಿ ಹೋದರೂ ಜನ, "ಸಿಡಿಲು ಹೆಂಗೈತ್ರಿ?" ಎನ್ನುತ್ತಿದ್ದರೇ ಹೊರತು "ನೀವು ಹೆಂಗದೀರಿ?" ಎಂದವರು ಒಬ್ಬರಿಲ್ಲ. ಅವನಿಗೆ ಜ್ವರ ಬಂದು ಮಲಗಿದಾಗ ನೋಡಲು ಬಂದವರು ಮಂಚ ದಾಟಿ ನೇರವಾಗಿ ದನದ ಕೊಟ್ಟಿಗೆಗೆ ನಡೆದರು. ಬ್ಯಾಡಗಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟು, ಅಖಾಡದಲ್ಲಿ ಮೈಕು ಹಿಡಿಯುವ ಚೇತನಕುಮಾರ ಹಬ್ಬಕ್ಕೆ ಮಾಡಿಕೊಟ್ಟ ಬ್ಯಾನರಿನಲ್ಲಿ ಸಿಡಿಲು ಕೊಂಬಿನಿಂದ ಬಾಲದ ತನಕ ರಾರಾಜಿಸುತ್ತಿತ್ತು. ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಉಡಚಪ್ಪ. ಅದರಲ್ಲೂ ಬಾಲದ ಕುಚ್ಚು ಅವನ ಒಂದು ಕಿವಿಯನ್ನು ಮುಚ್ಚಿತ್ತು!

ಕೊನೆಗೆ ಹಾವೇರಿಯ ಒಂದು ಮದುವೆಯಲ್ಲಿ ಬೀಗರು ಅವನನ್ನು ನೆಂಟರೊಬ್ಬರಿಗೆ ಪರಿಚಯಿಸಿದರು.

"ಇವರು ಸಿಡಿಲಿನ ಮಾಲಕರು."

"ಹೌದಾ! ಹೆಸರೇನ್ರಿ?"

"ಸಿಡಿಲು."

ಅಂದು ಉಡಚಪ್ಪನಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ತನ್ನ ಹುಲ್ಲು ತಿಂದ ಹೋರಿಯ ಮೇಲೆ ತನಗೇ ಹೊಟ್ಟೆಕಿಚ್ಚು! ಜನ ತನ್ನನ್ನು ನೋಡಬೇಕು, ತನ್ನ ಹೆಸರು ಕೂಗಬೇಕು. ಅದಕ್ಕೆ ಏನಾದರೂ ಮಾಡಬೇಕು!

ಅದೇ ಹೊತ್ತಿಗೆ ಮಾಲತೇಶ ಬಂದ. ಹೋರಿಯ ಹುಚ್ಚಿನಲ್ಲಿ ಅವನು ಅರ್ಧ ಕರಗಿದ್ದ.

"ಉಡಚಪ್ಪಣ್ಣಾರ, ರೊಕ್ಕದ ಮಾತು ಬ್ಯಾಡ. ನನ್ನ ಗಾಡಿ ನಿಮಗ, ನಿಮ್ಮ ಸಿಡಿಲು ನನಗ. ಅದಲಿ ಬದಲಿ!"

ಉಡಚಪ್ಪನ ಕಣ್ಣಿಗೆ ಆ ಬಿಳಿ ಗಾಡಿಯಲ್ಲಿ ಕುಳಿತ ತಾನೇ ಕಂಡ. ಆದರೂ ದಲಾಲಿ ದಲಾಲಿಯೇ. ಮಾಲು ನೋಡದೆ ಒಪ್ಪಿಯಾನೇ? ಹಾವೇರಿಯಿಂದ ಶಾಬುದ್ದೀನ ಮಿಸ್ತ್ರಿಯನ್ನು ಕರೆಸಿದ. ಮಿಸ್ತ್ರಿ ಗಾಡಿಯ ಕೆಳಗೆ ನುಗ್ಗಿದರೆ ಉಡಚಪ್ಪ ಮೇಲಿನಿಂದ ತನ್ನದೇ ಪರೀಕ್ಷೆ ನಡೆಸಿದ. ಎತ್ತಿನ ವಯಸ್ಸು ಎಣಿಸುವವನಂತೆ ಟೈರಿನ ಗೀರು ಮುಟ್ಟಿ ನೋಡಿ, "ಹಲ್ಲು ಸವದಾವು, ಬಾಯಿಗೂಡಿದ ಗಾಡಿ" ಎಂದ. ಬಾನೆಟ್ಟಿನ ಬೆನ್ನು ಸವರಿದ. ಹಿಂದಿನ ಬಾಗಿಲ ಮೇಲೆ ಬಣ್ಣ ಬಳಿದು ಮುಚ್ಚಿದ ಗುಂಡಿ ಸಿಕ್ಕಾಗ, "ಇಲ್ಲೊಂದು ಸುಳಿ ಐತಿ. ಇದು ಕಟ್ಟಿದ ಮನಿಗೆ ಒಳ್ಳೇದೋ ಕೆಟ್ಟದ್ದೋ?" ಎಂದು ಗಲ್ಲ ಕೆರೆದುಕೊಂಡ.

ಶಾಬುದ್ದೀನ ಗಡ್ಡಕ್ಕೆಲ್ಲ ಎಣ್ಣೆ ಮೆತ್ತಿಕೊಂಡು ಹೊರಬಂದ.

"ಯಜಮಾನ್ರ, ಗಾಡಿ ರಾಜಾ ಇದ್ದಂಗೈತಿ."

"ಹಂಗಾರ ತಗೋಬಹುದಲಾ?"

"ತಗೋಬಹುದ್ರಿ. ರಾಜಾನ್ನ ಸಾಕೋದು ಪ್ರಜೆಗೋಳಿಗೆ ಹೊಸಾದೇನಲ್ಲ."

"ಸೀದಾ ಮಾತಾಡೋ!"

"ಸೀದಾ ಹೇಳ್ತೇನಿ ಕೇಳ್ರಿ. ಇದಕ್ಕ ಕ್ಲಚ್ ಇಲ್ಲ. ಗೇರು ತಾನ ಬೀಳತೈತಿ. ನೀವು ಟ್ರ್ಯಾಕ್ಟರ್ ಹೊಡಿಯೋ ಮಂದಿ. ಎಡಗಾಲಿಗೆ ಇದರಾಗ ಕೆಲಸಿಲ್ಲ, ಬ್ರೇಕ್ ಅಗಲ ಐತಿ. ಕ್ಲಚ್ ಅಂತ ತುಳದ್ರ ಗಾಡಿ ನಿಂತ ಜಾಗಾದಾಗ ನಿಂತ ಬಿಡತೈತಿ. ಇದನ್ನ ಹೊಡಿಯಾಕ ಹೋಗಬೇಕಾದ್ರ ಎಡಗಾಲು ಮನಿಯಾಗ ಇಟ್ಟು ಹೋಗ್ರಿ!"

ಉಡಚಪ್ಪ ನಕ್ಕುಬಿಟ್ಟ. ಹೋರಿಯನ್ನು ಪಳಗಿಸಿದವನಿಗೆ ತನ್ನ ಕಾಲು ಪಳಗಿಸುವುದೊಂದು ದೊಡ್ಡ ಮಾತೇ?

ದೊಡ್ಡ ಮಾತು ಮನೆಯಲ್ಲಿತ್ತು. ಸಿಡಿಲನ್ನು ಕರುವಿದ್ದಾಗಿನಿಂದ ಸಾಕಿದವಳು ಗುತ್ತೆವ್ವ. ಹುರಳಿ ನುಚ್ಚು ಕುದಿಸುವವಳು ಅವಳು, ಹತ್ತಿಕಾಳು ರುಬ್ಬುವವಳು ಅವಳು, ಹಿಂಡಿ ನೆನೆಹಾಕುವವಳು ಅವಳು. ಸುದ್ದಿ ಕೇಳಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ಸಿಡಿಲು ಹುಲ್ಲು ತಿಂತೈತಿ. ನಿಮ್ಮ ಗಾಡಿ ಏನ್ ತಿಂತೈತ್ರಿ?"

"ಡೀಸೆಲ್."

"ಸಗಣಿ ಹಾಕತೈತೇನು?"

"ಹೊಗಿ ಹಾಕತೈತಿ."

"ಹಂಗಾರ ಹೊಗಿ ತಟ್ಟಿ ಕುಳ್ಳು ಮಾಡಲ್ಯಾ? ಹೊಲಕ್ಕ ಹೊಗಿ ಹೇರಸ್ತೀರೇನು?"

"ಲೇ, ನಿನಗ ತಿಳಿಯಾಂಗಿಲ್ಲ! ಮರ್ಯಾದಿ ಸಲುವಾಗಿ ಮಾಡಾಕತ್ತೇನಿ!"

"ಯಾರ ಮರ್ಯಾದಿ? ಇದ್ದ ಮರ್ಯಾದಿ ಎಲ್ಲಾ ಕೊಟ್ಟಿಗ್ಯಾಗ ಕಟ್ಟೇತಲ್ರಿ!"

ಈ ಮಾತು ಉಡಚಪ್ಪನ ಹುಣ್ಣಿನ ಮೇಲೇ ಬಿತ್ತು. ಎಳ್ಳಷ್ಟು ಅನುಮಾನ ಉಳಿದಿದ್ದರೆ ಅದೂ ಹಾರಿಹೋಯಿತು. "ಬ್ರಹ್ಮ ಬಂದರೂ ಬಿಡಾಂಗಿಲ್ಲ!" ಎಂದು ಹೆಗಲಿನ ಟಾವೆಲ್ಲು ಕೊಡವಿ ಎದ್ದ.

ನಮ್ಮ ಕಡೆ ಎತ್ತು ಕೊಳ್ಳುವವನು ಸಂತೆಯಲ್ಲಿ ನೋಡಿಯೇ ಕೊಳ್ಳುವುದಿಲ್ಲ. ಮನೆಗೆ ಒಯ್ದು ತನ್ನ ಗೂಟಕ್ಕೆ ಕಟ್ಟಿ ನೋಡುತ್ತಾನೆ. ಮೇವು ತಿನ್ನುತ್ತದೋ, ಒದೆಯುತ್ತದೋ, ನೊಗ ಹೂಡಿದರೆ ಮಲಗುತ್ತದೋ, ಎಲ್ಲ ತಿಳಿದ ಮೇಲೆ ವ್ಯಾಪಾರ. ಆದರೆ ಗೂಟದಲ್ಲಿದ್ದಾಗ ಅದಕ್ಕೆ ಊನವಾದರೆ ಕಟ್ಟಿಕೊಂಡವನದೇ ಹೊಣೆ. ತಿರುಗಿ ಕೊಡುವಂತಿಲ್ಲ, ವ್ಯಾಪಾರ ಆದಂತೆಯೇ. ಇದೇ ಗೂಟದ ಕಾಯಿದೆಯಂತೆ ನಡೆಯಬೇಕು ಎಂದು ಉಡಚಪ್ಪ ಹಟ ಹಿಡಿದ. ಮಾಲತೇಶನೂ ಒಪ್ಪಿದ. ಹಬ್ಬ ಮುಗಿಯುವ ತನಕ ಹೋರಿ ರಾಣೆಬೆನ್ನೂರಿನಲ್ಲಿ, ಗಾಡಿ ಮೋಟೆಬೆನ್ನೂರಿನಲ್ಲಿ. ಆಮೇಲೆ ಇಬ್ಬರಿಗೂ ಮನಸ್ಸು ಬಂದರೆ ಬದಲಿ ಕಾಯಂ.

ಸಿಡಿಲು ಹೊರಟ ದಿನ ಗುತ್ತೆವ್ವ ಅದಕ್ಕೆ ಕುಂಕುಮ ಹಚ್ಚಿ ಆರತಿ ಎತ್ತಿದಳು. ಗಂಡನ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಅಂಗಳದ ಎಮ್ಮೆಗೆ ಹೇಳತೊಡಗಿದಳು.

"ಏ ಎಮ್ಮಿ, ಯಜಮಾನ್ರಿಗೆ ಹೇಳ, ರೊಟ್ಟಿ ಆಗ್ಯಾವು. ಬೇಕಿದ್ರ ಉಣ್ಲಿ, ಇಲ್ಲಂದ್ರ ಡೀಸೆಲ್ ಕುಡೀಲಿ."

ಉಡಚಪ್ಪ ಸೊಪ್ಪು ಹಾಕಲಿಲ್ಲ. ಬಿಳಿ ಅಂಗಿ ತೊಟ್ಟು, ಮೀಸೆಗೆ ಎಣ್ಣೆ ತಿಕ್ಕಿ, ಗಾಡಿ ಹತ್ತಿ ದಿಗ್ವಿಜಯಕ್ಕೆ ಹೊರಟ. ಬ್ಯಾಡಗಿಯಲ್ಲಿ ಸುತ್ತಿದ, ಹಾವೇರಿಯಲ್ಲಿ ಸುತ್ತಿದ, ಗಳಗನಾಥಕ್ಕೆ ಹೋಗಿ ಹೊಳೆಯ ತನಕ ಇಳಿಸಿ ದೇವರಿಗೂ ತೋರಿಸಿದ. ಗಾಡಿಯನ್ನು ಎಲ್ಲರೂ ನೋಡಿದರು! ಆದರೆ ಅದರ ಗಾಜು ಕರ್ರಗಿತ್ತು. ಒಳಗೆ ಕುಳಿತ ಉಡಚಪ್ಪ ಯಾರಿಗೂ ಕಾಣಲಿಲ್ಲ. ಯಾರೋ ಸಾಹೇಬರು ತಪಾಸಣೆಗೆ ಬಂದರೆಂದು ಹಾವೇರಿಯ ಚಹಾದ ಅಂಗಡಿಯವನು ರಸ್ತೆಗೆ ಚಾಚಿದ್ದ ಬೆಂಚುಗಳನ್ನು ಒಳಗೆಳೆದುಕೊಂಡ.

ಸಿಟ್ಟಾಗಿ ಗಾಜು ಇಳಿಸಿದ. ಪೇಟೆಯ ಹಳೆಯ ಗೆಳೆಯನೊಬ್ಬ ಓಡಿಬಂದ.

"ಅಯ್ಯ, ಉಡಚಪ್ಪ! ಯಾರ ಗಾಡಿಗೆ ಡ್ರೈವರ್ ಆಗಿ ಸೇರ್ಕೊಂಡ್ಯೋ? ದಲಾಲಿ ಬಿಟ್ಟ್ಯಾ?"

"ನಂದಲೇ ಗಾಡಿ!"

"ನಗ್ಸಬ್ಯಾಡ ಮಾರಾಯಾ. ಅದಿರ್ಲಿ, ಸಿಡಿಲು ಹೆಂಗೈತಿ?"

ಉಡಚಪ್ಪ ಗಾಜು ಏರಿಸಿದ.

ಮನೆಯಲ್ಲಿ ಗಾಡಿ ಸಿಡಿಲಿನ ಜಾಗದಲ್ಲೇ, ಬೇವಿನ ಗಿಡದ ಕೆಳಗೆ ನಿಂತಿತ್ತು. ಎಮ್ಮೆ ಅದರ ಬಾಗಿಲು ನೆಕ್ಕಿದಾಗಲೆಲ್ಲ ಗಾಡಿ ಕಳ್ಳ ಬಂದನೆಂದು ಬೊಬ್ಬೆ ಹಾಕುತ್ತಿತ್ತು. ಎಮ್ಮೆಗೆ ಅದು ಸೇರಿತೋ ಏನೋ, ನೆಕ್ಕುವುದನ್ನು ಬಿಡಲಿಲ್ಲ. ಒಂದು ಮುಂಜಾನೆ ಉಡಚಪ್ಪ ನಿದ್ದೆಗಣ್ಣಿನಲ್ಲಿ ನುಚ್ಚಿನ ಬಕೆಟ್ಟು ಎತ್ತಿಕೊಂಡು ಹೋಗಿ ಬಂಪರಿನ ಮುಂದಿಟ್ಟು, "ಹೇ ಹೇ, ತಿನ್ನೋ ಮಗನ" ಎಂದ. ಬಂಪರು ತಿನ್ನಲಿಲ್ಲ. ಅವನಿಗೆ ದುಃಖವಾಯಿತು, ನಿಜವಾಗಿ ದುಃಖವಾಯಿತು. ತನ್ನ ಕೈ ಮೂಸುತ್ತಿದ್ದ ಒದ್ದೆ ಮೂತಿ ನೆನಪಾಯಿತು. ಒಪ್ಪಿಕೊಳ್ಳುವುದುಂಟೇ! ಬಕೆಟ್ಟು ಎತ್ತಿ ಎಮ್ಮೆಗೆ ಸುರಿದು ಒಳಗೆ ಬಂದು ಮಾಲತೇಶನಿಗೆ ಫೋನು ಹಚ್ಚಿದ.

"ಮಾಲತೇಶಾ, ಗಾಡಿಯಾಗ ತಂಪು ಗಾಳಿದು ಗುಂಡಿ ಯಾವುದೋ?"

"ಸ್ಟೇರಿಂಗಿನ ಎಡಕ್ಕ ಐತ್ರಿ."

"ಹಾಂ. ಮತ್ತ, ಸುಮ್ನ ಕೇಳ್ತೇನಿ, ಹೋರಿ ಮೇವು ಮುಟ್ಟೇತೇನು?"

"ಇಲ್ರಿ ಅಣ್ಣಾರ! ಬಾದಾಮಿ ಹಾಕೇನಿ, ಮುಖಾ ತಿರುಗಿಸ್ತೈತಿ. ಬಾಗಲಾ ನೋಡ್ಕೋತ ನಿಂತ ಬಿಟ್ಟೈತಿ."

ಉಡಚಪ್ಪ ಫೋನಿಟ್ಟ. ಗಾಡಿ ಒಯ್ದು ಬಿಟ್ಟು ಹೋರಿ ಹೊಡೆದುಕೊಂಡು ಬಂದರೆ ಮುಗಿಯಿತು. ಆದರೆ ಬ್ಯಾಡಗಿಯ ಪೇಟೆಯಲ್ಲಿ ಚೀಲದ ಮೇಲೆ ಕಾಲಿಟ್ಟು ಆಡಿದ ಮಾತು? ಹಬ್ಬ ಮುಗಿಯಲಿ, ಆಮೇಲೆ ಏನಾದರೂ ನೆವ ತೆಗೆದು ವಾಪಸು ಕೊಟ್ಟರಾಯಿತು ಎಂದುಕೊಂಡ. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಹಬ್ಬ ಬಂತು. ಮೋಟೆಬೆನ್ನೂರಿನ ಅಖಾಡದ ಎರಡೂ ಬದಿಗೆ, ಮಾಳಿಗೆಗಳ ಮೇಲೆ, ಟ್ರ್ಯಾಕ್ಟರುಗಳ ಮೇಲೆ ಜನವೋ ಜನ. ಮೈಕಿನಲ್ಲಿ ಚೇತನಕುಮಾರ ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಕೇಳ್ರಪೋ ಕೇಳ್ರಿ! ಈ ಸಲ ಸಿಡಿಲು ಓಡತೈತಿ ರಾಣೆಬೆನ್ನೂರಿನ ಹೆಸರಿನ್ಯಾಗ! ಮಾಲಕರು ಮಾಲತೇಶ! ನಮ್ಮೂರಿನ ಉಡಚಪ್ಪನವರಿಗೆ ಈ ಸಲ ಅಖಾಡದಾಗ ಏನೂ ಕೆಲಸಿಲ್ಲ. ಅವರು ಆರಾಮ ಮಾಳಗಿ ಮ್ಯಾಲ ಕುಂತು ನೋಡಬೇಕಂತ ವಿನಂತಿ!"

ಜನ ಘೊಳ್ಳೆಂದಿತು. ಉಡಚಪ್ಪನ ಸಿಟ್ಟು ನೆತ್ತಿಗೇರಿತು. ಕೆಲಸವಿಲ್ಲವೇ? ಉಡಚಪ್ಪನಿಗೆ? ತನ್ನೂರಿನ ಅಖಾಡದಲ್ಲಿ? ದಾಪುಗಾಲು ಹಾಕಿ ಮನೆಗೆ ಬಂದವನೇ ಅಟ್ಟದ ಮೇಲಿದ್ದ ಕೊಬ್ಬರಿ ಹಾರಗಳನ್ನು ಇಳಿಸಿದ. ಗಾಡಿಯನ್ನೇ ಸಿಂಗರಿಸತೊಡಗಿದ!

ಹೋರಿಗಾದರೆ ಕೊರಳಿದೆ, ಕೊಂಬಿದೆ. ಗಾಡಿಗೆ ಎಲ್ಲಿ ಕಟ್ಟುವುದು? ಪಕ್ಕದ ಕನ್ನಡಿಗಳಿಗೆ ಒಂದೊಂದು ಹಾರ ಕಟ್ಟಿದ. ವೈಪರಿಗೆ ಕಟ್ಟಿದ. ಆಂಟೆನಾಕ್ಕೆ ಬಲೂನು, ಬಾಗಿಲ ಹಿಡಿಕೆಗೆ ರಿಬ್ಬನ್ನು, ನಂಬರ್ ಪ್ಲೇಟಿನ ಸಂದಿಯಲ್ಲಿ ಹುರಿ ತೂರಿಸಿ ಇಡೀ ಕೊಬ್ಬರಿ ಗಿಟುಕಿನ ಸರ. ಸಡಿಲವಾದರೆ ಮರ್ಯಾದೆ ಹೋದೀತೆಂದು ಪ್ರತಿ ಗಂಟನ್ನೂ ಹಲ್ಲಿನಿಂದ ಎಳೆದು ಬಿಗಿದ.

ಗುತ್ತೆವ್ವನಿಗೆ ಎಮ್ಮೆಯ ಮಧ್ಯಸ್ಥಿಕೆ ಸಾಕೆನಿಸಿತು. ನೇರವಾಗಿ ಬಂದು ಗಂಡನ ಎದುರು ನಿಂತಳು.

"ಅದು ಇನ್ನೂ ನಮ್ದಲ್ರಿ!"

"ಗೂಟದಾಗೈತಿ ಅಂದ್ರ ನಮ್ದ!"

"ಅದಕ್ಕ ಕೂದಲು ಕೊಂಕಿದ್ರ ಸಿಡಿಲು ಹೋದಂಗ. ನೆನಪೈತೇನು?"

"ಕಬ್ಬಿಣಕ್ಕ ಎಲ್ಲಿ ಕೂದಲೈತಲೇ, ಕೊಂಕಾಕ! ಓಡೋ ಹೋರಿನ ಹಿಡಿಯಾಕ ಆಗಿಲ್ಲ, ನಾಲ್ಕು ಗಾಲಿದನ್ನ ಯಾವನು ಹಿಡಿತಾನ? ದಾರಿ ಬಿಡು!"

ಗುತ್ತೆವ್ವ ದಾರಿ ಬಿಟ್ಟಳು. ಸೀರೆಯ ಸೆರಗಿನಲ್ಲಿ ಏನೋ ಗಂಟು ಕಟ್ಟಿಕೊಂಡು, ಬಾಗಿಲಿಗೆ ಚಿಲಕ ಹಾಕಿ, ಅವಳೂ ಅಖಾಡದ ಕಡೆ ನಡೆದಳು.

ಅಖಾಡದ ಬಾಯಲ್ಲಿ ಗಾಡಿ ಬಂದು ನಿಂತಾಗ ಚೇತನಕುಮಾರ ಮೈಕು ಬಗಲಿಗೆ ಸಿಕ್ಕಿಸಿ ಕಣ್ಣುಜ್ಜಿಕೊಂಡ. ಹಿರಿಯರು ಬೇಡವೆಂದು ಕೈ ಬೀಸಿದರು. ಉಡಚಪ್ಪ ಮಾಡಿನ ಕಿಟಕಿ ತೆಗೆದು ಅದರಿಂದ ಅರ್ಧ ಮೈ ಹೊರಹಾಕಿ ಎದ್ದು ನಿಂತ. ಸೊಂಟದ ಮೇಲೆ ಕೈ!

"ಹಿಡೀರಿ ನೋಡೋಣು! ಯಾವ ಊರಿನ ಪೈಲ್ವಾನರಾದ್ರೂ ಬರ್ರಿ!"

"ಹೆಸರೇನ್ರಿ ಈ ಹೋರಿದು?" ಮೈಕು ಕೇಳಿತು.

ಇಷ್ಟು ವರ್ಷ ಕಾದ ಗಳಿಗೆ! ಇಡೀ ಅಖಾಡ ತನ್ನ ಹೆಸರು ಕೂಗಬೇಕು! ಉಡಚಪ್ಪ ಎದೆಯುಬ್ಬಿಸಿ ಹೇಳಿದ.

"ಉಡಚಪ್ಪ!"

"ಬಂತು ನೋಡ್ರಪೋ ಬಂತು! ಉಡಚಪ್ಪ ಬಂತು! ಕೊಂಬಿಲ್ಲ, ಬಾಲಿಲ್ಲ, ಸಗಣಿ ಇಲ್ಲ! ಮೋಟೆಬೆನ್ನೂರಿನ ಉಡಚಪ್ಪ ಬಂತು!"

ಜನ ಕೇಕೆ ಹಾಕಿ ಎರಡೂ ಬದಿಗೆ ಸರಿದು ದಾರಿ ಮಾಡಿತು. ಉಡಚಪ್ಪ ಕೆಳಗಿಳಿದು ಸ್ಟೇರಿಂಗು ಹಿಡಿದ. ಮಾಡಿನ ಕಿಟಕಿ ಮುಚ್ಚುವುದು ಮರೆತ. ಗಾಡಿ ಮದುಮಗನ ಕುದುರೆಯ ನಡಿಗೆಯಲ್ಲಿ ಮುಂದೆ ಸಾಗಿತು. ಪೈಲ್ವಾನರು ಪಕ್ಕದಲ್ಲಿ ನಗುತ್ತ ನಡೆದರೇ ಹೊರತು ಮುಟ್ಟುವ ಧೈರ್ಯ ಮಾಡಲಿಲ್ಲ. "ಉಡಚಪ್ಪ! ಉಡಚಪ್ಪ!" ಎಂದು ಮಾಳಿಗೆಗಳು ಮೊಳಗಿದವು. ಆಹಾ! ಅವನ ಕಣ್ಣಲ್ಲಿ ನೀರು ಬಂತು. ಆ ಆನಂದದಲ್ಲಿ, ಇನ್ನು ಸ್ವಲ್ಪ ಜೋರು ಹೊಡೆದು ಸಿಡಿಲಿನಂತೆಯೇ ಆಚೆ ದಾಟಿಬಿಡೋಣ, ಗೇರು ಬದಲಿಸೋಣ ಎಂದು ಹುಮ್ಮಸ್ಸು ಬಂತು. ಹುಮ್ಮಸ್ಸು ತಲೆಗೆ ಬಂದರೆ ಪರವಾಗಿರಲಿಲ್ಲ, ಎಡಗಾಲಿಗೆ ಬಂತು. ಟ್ರ್ಯಾಕ್ಟರಿನ ಕ್ಲಚ್ಚು ತುಳಿದು ತುಳಿದು ಗಟ್ಟಿಯಾದ ಎಡಗಾಲು! ಇದ್ದ ಬಲವೆಲ್ಲ ಹಾಕಿ ತುಳಿದ.

ಗಾಡಿ ಅಖಾಡದ ನಟ್ಟನಡುವೆ ಕೀರ್ ಎಂದು ಗಕ್ಕನೆ ನಿಂತಿತು.

ನಿಂತ ಹೋರಿಯನ್ನು ಬಿಟ್ಟ ಪೈಲ್ವಾನ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿಲ್ಲ!

"ಬಿತ್ತ್ರಪೋ ಮಂದಿ! ಉಡಚಪ್ಪನ್ನ ಹಿಡದ್ರು! ಉಡಚಪ್ಪನ ಎಡಗನ್ನಡಿ ಹೋತು! ಬಲಗನ್ನಡಿ ಹೋತು! ಶಾಭಾಸ್! ಉಡಚಪ್ಪನ ಮೀಸಿ ಕಿತ್ತ್ರು... ಅಲ್ಲಲ್ಲ, ವೈಪರ್!"

ಉಡಚಪ್ಪ ಹಲ್ಲಿನಿಂದ ಬಿಗಿದ ಗಂಟುಗಳು ಒಂದೂ ಬಿಚ್ಚಲಿಲ್ಲ. ಬಿಚ್ಚಿದ್ದರೆ ಕೊಬ್ಬರಿಯಷ್ಟೇ ಹೋಗುತ್ತಿತ್ತು. ಕೊಬ್ಬರಿ ಎಳೆದರೆ ಕನ್ನಡಿ ಬಂತು, ರಿಬ್ಬನ್ನು ಎಳೆದರೆ ಹಿಡಿಕೆ ಬಂತು, ಗಿಟುಕು ಎಳೆದರೆ ನಂಬರ್ ಪ್ಲೇಟು ಬಂತು. ಅವನು ಗಾಬರಿಯಲ್ಲಿ ಮತ್ತೆ ಮತ್ತೆ ಎಡಗಾಲು ಒತ್ತಿದಷ್ಟೂ ಗಾಡಿ ಕಂಬದಂತೆ ನಿಂತಿತು. ಮಾಡಿನ ಕಿಟಕಿಯಿಂದ ಒಬ್ಬ ಪೈಲ್ವಾನ ತಲೆಕೆಳಗಾಗಿ ಇಳಿಬಿದ್ದು ವಿನಯದಿಂದ ವಿಚಾರಿಸಿದ.

"ಕಾಕಾರ, ಒಳಗೇನರ ಕೊಬ್ಬರಿ ಐತೇನ್ರಿ?"

ಅಷ್ಟರಲ್ಲಿ ಗುಂಪು ಸೀಳಿಕೊಂಡು ಗುತ್ತೆವ್ವ ಓಡಿಬಂದಳು. "ನಿಮ್ಮ ಹೋರಿ ಹಬ್ಬಕ್ಕ ಬೆಂಕಿ ಬೀಳ್ಲಿ! ಒಳಗ ಜೀವಂತ ಮನಶ್ಯಾ ಅದಾನ್ರೋ!" ಎಂದು ಬಾನೆಟ್ಟಿಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತಳು.

ಆ ದನಿ ಅಖಾಡದ ಬಾಯಲ್ಲಿ ಸರದಿಗೆ ಕಾದಿದ್ದ ಸಿಡಿಲಿನ ಕಿವಿಗೆ ಬಿತ್ತು. ಮಾಲತೇಶನ ಕಡೆಯ ಆಳುಗಳ ಕೈಯಿಂದ ಹಗ್ಗ ಜಾರಿತು. ಬಂತು ನೋಡಿ ಸಿಡಿಲು! ಯಾರೂ ಮುಟ್ಟಲಾಗದ ಓಟ, ದೂಳೆದ್ದ ಓಟ! ಪೈಲ್ವಾನರು ಕನ್ನಡಿ ಹಿಡಿದುಕೊಂಡೇ ಬದಿಗೆ ಹಾರಿದರು. ಉಡಚಪ್ಪ ಗಾಜು ಇಳಿಸಿ, ಹೋರಿ ನೇರವಾಗಿ ಓಡಿ ದಾಟಲೆಂದು ತನ್ನ ಜಗತ್ಪ್ರಸಿದ್ಧ ಸಿಳ್ಳೆ ಹಾಕಿದ. ಮತ್ತೊಮ್ಮೆ ಹಾಕಿದ. ಸಿಡಿಲು ಕಿವಿ ಕೂಡ ಅಲ್ಲಾಡಿಸಲಿಲ್ಲ. ನೇರವಾಗಿ ಗುತ್ತೆವ್ವನ ಮುಂದೆ ಬಂದು ನಿಂತು, ಅವಳ ಸೆರಗಿನ ಗಂಟಿಗೆ ಮೂತಿ ಹಾಕಿತು.

ಗಂಟಿನಲ್ಲಿದ್ದದ್ದು ಬೆಲ್ಲದ ಉಂಡೆ.

ಇಷ್ಟು ವರ್ಷ ಅವಳು ಆಚೆ ತುದಿಯ ಹುಣಸೆಮರದ ಕೆಳಗೆ ನಿಂತದ್ದು ನೆರಳಿಗಲ್ಲ! ಸಿಡಿಲು ಓಡಿದ್ದು ತಾಲೀಮಿಗಲ್ಲ, ಸಿಳ್ಳೆಗಲ್ಲ, ಕೀರ್ತಿಗಂತೂ ಅಲ್ಲ. ಅದು ಬೆಲ್ಲ ಹಿಡಿದು ನಿಂತ ಅವ್ವನ ಹತ್ತಿರ ಹೋಗಲು ಓಡುತ್ತಿತ್ತು. ಇಂದು ಅವ್ವ ನಡುವೆಯೇ ಸಿಕ್ಕಳು, ನಡುವೆಯೇ ನಿಂತಿತು. ಕಣ್ಣು ಮುಚ್ಚಿ ಬೆಲ್ಲ ಮೆಲ್ಲುತ್ತಿದ್ದ ಹೋರಿಯ ಕೊರಳಿನಿಂದ ಪೈಲ್ವಾನರು ಮೆಲ್ಲಗೆ, ಹೂ ಬಿಡಿಸಿದಂತೆ, ಅಷ್ಟೂ ಕೊಬ್ಬರಿ ಬಿಡಿಸಿಕೊಂಡರು.

ಮಾಲತೇಶ ಏದುಸಿರು ಬಿಡುತ್ತ ಬಂದ. ಬೋಳಾದ ಗಾಡಿ ನೋಡಿ ತಲೆ ಮೇಲೆ ಕೈ ಹೊತ್ತ.

"ಅಣ್ಣಾರ, ಏನ್ರಿ ಇದು! ಗೂಟದ ಕಾಯಿದಿ ಪ್ರಕಾರ ಇನ್ನ ಗಾಡಿ ನಿಮ್ದ ಆತು! ಸಿಡಿಲು ನಂದು!"

ಉಡಚಪ್ಪ ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡ. ತಾನೇ ಹಟ ಹಿಡಿದು ಹಾಕಿಸಿದ ಕಾಯಿದೆ! ಇಡೀ ಅಖಾಡ ಕಿವಿಯಾಯಿತು. ಸಿಡಿಲಿನ ಕೊರಳ ಗಂಗೆದೊಗಲು ನೀವುತ್ತ ಗುತ್ತೆವ್ವ ತಣ್ಣಗೆ ಕೇಳಿದಳು.

"ಮಾಲತೇಶಪ್ಪಾರ, ಆ ಕಾಯಿದಿ ಒಬ್ಬರಿಗೋ ಇಬ್ಬರಿಗೋ?"

"ಇಬ್ಬರಿಗೂರಿ ಅಕ್ಕಾರ."

"ನಮ್ಮ ಗೂಟದಾಗ ನಿಮ್ಮ ಗಾಡಿ ಕನ್ನಡಿ ಹೋಗ್ಯಾವು, ಖರೇ. ಹುಟ್ಟಿದಾಗಿಂದ ಒಂದು ಚೂರು ಕೊಬ್ಬರಿ ಕೊಡದ ಹೋರಿ ನಿಮ್ಮ ಗೂಟದಾಗಿದ್ದಾಗ ನಡು ಅಖಾಡದಾಗ ಬೋಳಾಗಿ ನಿಂತೈತಿ. ಇದು ಊನ ಅಲ್ಲೇನ್ರಿ? ಊನಕ್ಕ ಊನ ವಜಾ ಆತು. ಕನ್ನಡಿ ಅಂಗಡ್ಯಾಗ ಸಿಗ್ತಾವು. ನನ್ನ ಮಗನ ಮಾನ ಯಾವ ಅಂಗಡ್ಯಾಗ ಸಿಗತೈತಿ, ಹೇಳ್ರಿ, ಹೋಗಿ ತರ್ತೇನಿ!"

ಮಾಲತೇಶ ಹೋರಿಯ ಕಡೆ ನೋಡಿದ. ಬೆಲ್ಲ ಕಂಡರೆ ನಿಲ್ಲುವ ಹೋರಿ, ಬೆಲ್ಲ ಹಿಡಿದ ಗುತ್ತೆವ್ವ ಇಲ್ಲದಿದ್ದರೆ ಮೇವೂ ಮುಟ್ಟದ ಹೋರಿ! ಅದನ್ನು ಒಯ್ದರೆ ಗುತ್ತೆವ್ವನನ್ನೂ ಒಯ್ಯಬೇಕಾದೀತು. ಆ ನಾಲಿಗೆಯ ಜೊತೆ ಬದುಕುವ ಧೈರ್ಯ ಅವನಿಗಿರಲಿಲ್ಲ.

"ಸರಿಗೆ ಸರಿ ಆತು ಬಿಡ್ರಿ ಅಕ್ಕಾರ. ಹೋರಿ ನಿಮ್ದು, ಗಾಡಿ ನಂದು" ಎಂದ.

ಕಿತ್ತ ಕನ್ನಡಿ ಕೇಳುವಂತಿರಲಿಲ್ಲ, ಕಿತ್ತದ್ದು ಕಿತ್ತವನಿಗೆ. ಹಿಂದೇನು ಬರುತ್ತಿದೆ ಎಂದು ನೋಡಲು ಕಿಟಕಿಯಿಂದ ಕತ್ತು ಹೊರಹಾಕುತ್ತ ಮಾಲತೇಶ ರಾಣೆಬೆನ್ನೂರಿನ ದಾರಿ ಹಿಡಿದ. ಗುತ್ತೆವ್ವ ಅವನಿಗೆ ಒಂದು ಚೀಲ ಒಳ್ಳೆಯ ಕಡ್ಡಿಗಾಯಿ ಕಳಿಸಿ ಮನಸ್ಸು ತಣ್ಣಗೆ ಮಾಡಿದಳು, ಮೆಣಸಿನಕಾಯಿಯಿಂದ ಮನಸ್ಸು ತಣ್ಣಗಾಗುವುದಿದ್ದರೆ!

ಆ ಸಂಜೆ ಉಡಚಪ್ಪ ಸಿಡಿಲಿನ ಮುಂದೆ ನುಚ್ಚಿನ ಬಕೆಟ್ಟು ಇಟ್ಟು ಬಹಳ ಹೊತ್ತು ಕುಳಿತ. ಅದು ಅವನ ಕೈ ಮೂಸಿತು. ಅಷ್ಟಕ್ಕೇ ಅವನ ಹೊಟ್ಟೆ ತುಂಬಿತು. ಹಾಗೆಂದು ಸೋತನೆಂದುಕೊಳ್ಳಬೇಡಿ! ಒಳಗಿನಿಂದ ಗುತ್ತೆವ್ವ, "ಸೋತ್ರಲ್ರಿ?" ಎಂದಾಗ ಅವನು ಗುಡುಗಿದ.

"ಯಾರು ಸೋತಾರ? ಇಡೀ ಅಖಾಡ ನನ್ನ ಹೆಸರು ಕೂಗೇತಿ! ಕೇಳಿಲ್ಲೇನು?"

"ಕೇಳೇನ್ರಿ. ಇನ್ನೂ ಕಿವ್ಯಾಗ ಐತಿ."

ಮರುವರ್ಷದ ಬ್ಯಾನರಿನಲ್ಲಿ ಸಿಡಿಲಿನ ಪಕ್ಕ ಬೆಲ್ಲ ಹಿಡಿದ ಗುತ್ತೆವ್ವ ಆಳೆತ್ತರ ನಿಂತಳು. ಉಡಚಪ್ಪನ ಅಂಚೆ ಚೀಟಿ ಎರಡೂ ಕಿವಿ ಮುಚ್ಚಿಸಿಕೊಂಡು ಬಾಲದ ಹಿಂದೆ ಸರಿಯಿತು. ಆದರೂ ಅವನು ಬಗ್ಗಲಿಲ್ಲ. ಹಾವೇರಿಯಲ್ಲಿ ಮತ್ತೊಂದು ಮದುವೆಯಾದಾಗ, ಅದೇ ಬೀಗರು, "ಇವರು ಸಿಡಿಲಿನ ಗುತ್ತೆವ್ವನ ಯಜಮಾನರು" ಎಂದು ಹೊಸ ನೆಂಟರೊಬ್ಬರಿಗೆ ಪರಿಚಯಿಸುತ್ತಿದ್ದಂತೆಯೇ, ಈ ಸಲ ಯಾರೂ ಕೇಳುವ ಮೊದಲೇ ಎದ್ದು ನಿಂತು, ಎಲೆ ಮುಂದೆ ಕುಳಿತ ಇಡೀ ಪಂಕ್ತಿಗೆ ಕೇಳುವಂತೆ ಸಾರಿದ.

"ನನ್ನ ಹೆಸರು ಉಡಚಪ್ಪ!"

ನೆಂಟರ ಮುಖ ಅರಳಿತು. ಹೋಳಿಗೆ ಕೈಬಿಟ್ಟು, ಎರಡೂ ಕೈ ಜೋಡಿಸಿ ಸಂಭ್ರಮದಿಂದ ಕೇಳಿದರು.

"ಅಯ್ಯ ಅಯ್ಯ! ಉಡಚಪ್ಪ ಅಂದ್ರ ಆ ಕೊಬ್ಬರಿ ಕಟ್ಟಿದ ಗಾಡಿ ಹೆಸರಲ್ಲೇನ್ರಿ? ಗಾಡಿ ಹೆಸರು ನಿಮಗ್ಯಾಕ ಇಟ್ಟಾರ?"